ಮುಖ ಅದೇ, ಭಾವ ಬೇರೆ

ಪ್ರಶ್ನೆ: ಸಂಕಲನವೆಂದರೆ ಚಿತ್ರೀಕರಿಸಿದ್ದರಲ್ಲಿ ಬೇಡವಾದದ್ದನ್ನು ಕತ್ತರಿಸಿ, ಉಳಿದದ್ದನ್ನು ಕಥೆಯ ಕ್ರಮದಲ್ಲಿ ಜೋಡಿಸುವುದೆಂದು ತಿಳಿದಿದ್ದೆ. ಆದರೆ ಒಳ್ಳೆಯ ನಟನೆ ಸಂಕಲನದಲ್ಲಿ ಕೆಡಬಹುದು, ಸಾಧಾರಣ ನಟನೆಗೆ ಕಳೆ ಬರಬಹುದು ಎನ್ನುತ್ತಾರೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಸಾಗರ

ಉತ್ತರ: ಬೇಡದ್ದನ್ನು ತೆಗೆಯುವುದು ಆ ಕೆಲಸದ ಮೊದಲ ಹಂತ ಮಾತ್ರ. ಎರಡು ಶಾಟ್‌ಗಳು, ಅಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆದ ಎರಡು ತುಣುಕುಗಳು, ಒಂದರ ಹಿಂದೊಂದು ಬಂದಾಗ, ಎರಡರಲ್ಲಿಯೂ ಇಲ್ಲದ ಅರ್ಥವೊಂದು ನೋಡುವವರ ಮನಸ್ಸಿನಲ್ಲಿ ಹುಟ್ಟುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಅವರ ಜೊತೆಗಿದ್ದ ಪುಡೋವ್ಕಿನ್ ಬರೆದಿರುವ ಪ್ರಕಾರ, ನಟ ಮೊಸ್ಜುಖಿನ್‌ನ ನಿರ್ಭಾವದ ಒಂದೇ ಕ್ಲೋಸಪ್ಪನ್ನು ಒಮ್ಮೆ ಸೂಪಿನ ತಟ್ಟೆಯ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯಲ್ಲಿದ್ದ ಹೆಂಗಸಿನ ಜೊತೆ, ಮತ್ತೊಮ್ಮೆ ಆಡುತ್ತಿದ್ದ ಪುಟ್ಟ ಹುಡುಗಿಯ ಜೊತೆ ಜೋಡಿಸಲಾಯಿತು; ನೋಡಿದವರು ಅದೇ ಮುಖದಲ್ಲಿ ಮರೆತ ಊಟದ ಚಿಂತೆಯನ್ನೂ ದುಃಖವನ್ನೂ ನಸುನಗೆಯನ್ನೂ ಕಂಡು ನಟನನ್ನು ಹೊಗಳಿದರಂತೆ. ಸಾಧಾರಣ ನಟನೆಗೆ ಕಳೆ ಬರುವುದು ಹೀಗೆ.

ಆದರೆ ಯಾವುದರ ಪಕ್ಕ ಯಾವುದು ಎಂಬುದಕ್ಕಿಂತಲೂ ಎಲ್ಲಿ ಕತ್ತರಿಸಬೇಕು ಎಂಬುದು ಕಷ್ಟದ ಪ್ರಶ್ನೆ. ಮಗ ಊರು ಬಿಟ್ಟು ಹೋಗುವ ದೃಶ್ಯವೊಂದನ್ನು ಊಹಿಸಿಕೊಳ್ಳಿ: ಬಸ್ಸು ಹೊರಟಿದೆ, ಜಗಲಿಯಲ್ಲಿ ನಿಂತ ತಾಯಿ ಕೈಯೆತ್ತುತ್ತಾಳೆ. ಕೈ ಮೇಲೇರಿದೊಡನೆ ಕಟ್ ಮಾಡಿ ಬಸ್ಸಿನೊಳಗೆ ಹೋದರೆ ಕಥೆ ಮಗನದಾಗುತ್ತದೆ. ಅದೇ ಶಾಟನ್ನು ಇನ್ನೆರಡು ಸೆಕೆಂಡು, ಅಂದರೆ ಸೆಕೆಂಡಿಗೆ 24ರಂತೆ 48 ಫ್ರೇಮುಗಳಷ್ಟು (ಫ್ರೇಮೆಂದರೆ ಒಂದೊಂದು ಸ್ಥಿರಚಿತ್ರ) ಹೆಚ್ಚು ಉಳಿಸಿಕೊಂಡು, ಎತ್ತಿದ ಕೈ ತಾನಾಗಿ ಕೆಳಗಿಳಿದು ಸೆರಗನ್ನು ಹಿಡಿದುಕೊಳ್ಳುವುದನ್ನು ತೋರಿಸಿದರೆ, ಒಂದು ಮಾತೂ ಇಲ್ಲದೆ ದೃಶ್ಯ ತಾಯಿಯದಾಗುತ್ತದೆ. ಆ ನಟಿ ಚೆನ್ನಾಗಿ ಅಭಿನಯಿಸಿದ್ದು ಆ 48 ಫ್ರೇಮುಗಳಲ್ಲಿಯೇ ಆಗಿದ್ದು, ವೇಗದ ಹೆಸರಿನಲ್ಲಿ ಅವು ಹೋಗಿಬಿಟ್ಟರೆ, ಆಕೆ ಏನೂ ಮಾಡಲಿಲ್ಲವೆಂದೇ ಪ್ರೇಕ್ಷಕರು ಭಾವಿಸುತ್ತಾರೆ. ಒಳ್ಳೆಯ ನಟನೆ ಕೆಡುವುದೆಂದರೆ ಬಹುಮಟ್ಟಿಗೆ ಇದೇ.

ಕಾಲವನ್ನು ಹಿಗ್ಗಿಸುವುದೂ ಸಂಕಲನವೇ. 1925ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರದಲ್ಲಿ ಸೈನಿಕರು ಒಡೆಸ್ಸಾ ನಗರದ ಮೆಟ್ಟಿಲಿಳಿದು ಜನರ ಮೇಲೆ ಗುಂಡು ಹಾರಿಸುವ ಪ್ರಸಂಗ, ನಿಜವಾಗಿ ಮೆಟ್ಟಿಲಿಳಿಯಲು ಬೇಕಾಗುವುದಕ್ಕಿಂತ ಬಹಳ ದೀರ್ಘವಾಗಿದೆ; ಬೂಟುಗಳು, ಚೀರುವ ಬಾಯಿ, ಉರುಳುವ ಮಗುವಿನ ಗಾಡಿ ಎಂದು ನಿರ್ದೇಶಕ ಐಸೆನ್‌ಸ್ಟೈನ್ ಅದನ್ನು ಒಡೆದು ಜೋಡಿಸಿದ್ದರಿಂದ, ಭಯದಲ್ಲಿರುವವರಿಗೆ ಕಾಲ ಹೇಗೆ ಮುಗಿಯದೆನಿಸುವುದೋ ನಮಗೂ ಹಾಗೆಯೇ ಆಗುತ್ತದೆ.

ಅಮೆರಿಕದ ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್, ಕಟ್ ಮಾಡುವಾಗ ಗಮನಿಸಬೇಕಾದ ಆರು ಅಂಶಗಳಲ್ಲಿ ಭಾವಕ್ಕೆ ಶೇಕಡ 51, ಕಥೆಗೆ 23ರಷ್ಟು ತೂಕ ಕೊಟ್ಟಿದ್ದಾರೆ. ಜಾಗದ ನಿರಂತರತೆಗೆ, ಅಂದರೆ ಯಾರು, ಯಾವುದು ಎಲ್ಲಿದೆ ಎಂಬುದು ಒಂದು ಶಾಟಿನಿಂದ ಇನ್ನೊಂದಕ್ಕೆ ಹೊಂದಿಕೊಳ್ಳುವುದಕ್ಕೆ, ಕೇವಲ 4. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಿಂದಿನ ಶಾಟಿನಲ್ಲಿ ತಾಯಿಯ ಸೆರಗು ಎಡಗೈಯಲ್ಲಿದ್ದು ಮುಂದಿನದರಲ್ಲಿ ಬಲಗೈಗೆ ಬಂದಿದ್ದರೂ, ಆಕೆಯ ಸಂಕಟ ನಮ್ಮನ್ನು ಮುಟ್ಟಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.