ಸಂಪಾದಕರ ಉತ್ತರ: ಫೋನಿಗೆ ಲಾಕ್ ಹಾಕಿದರೆ ಮನೆಯವರಿಗೆ ಬೇಜಾರಾ?

ಮಂಡ್ಯ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು:

"ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುವವಳು ನಾನು. ಸಾಲದ ಅರ್ಜಿಗೆ ಬೇಕೆಂದು ಎಲ್ಲರ ಆಧಾರ್, ಪಾಸ್‌ಬುಕ್ ಫೋಟೊ ತೆಗೆದು ನನ್ನ ಮೊಬೈಲಿನಲ್ಲೇ ಇಟ್ಟಿದ್ದೇನೆ. ಮೊಬೈಲ್ ನನ್ನದು ಅನ್ನೋದು ಹೆಸರಿಗಷ್ಟೇ. ಮೊಮ್ಮಗ ಗೇಮ್ ಆಡುತ್ತಾನೆ, ಯಜಮಾನರು ವಾರ್ತೆ ನೋಡುತ್ತಾರೆ, ಮಗ ಬಂದರೆ ಅದರಲ್ಲೇ ದುಡ್ಡು ಕಳಿಸುತ್ತಾನೆ. ಮೊನ್ನೆ ಪರಿಚಯದವರ ನಂಬರಿನಿಂದ ವಾಟ್ಸಾಪಿಗೆ ಮದುವೆ ಕಾರ್ಡ್ ಬಂತು. ಒತ್ತಿದೆ. 'ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಿ' ಅಂತು. ಭಯವಾಗಿ ಹಿಂದಕ್ಕೆ ಬಂದುಬಿಟ್ಟೆ. ಏನಾದರೂ ಆಗಿದೆಯಾ? ಇನ್ನು ಮೇಲೆ ಲಾಕ್ ಹಾಕೋಣ ಅಂದರೆ ಯಜಮಾನರು 'ಮುಚ್ಚಿಡೋ ಅಂಥದ್ದು ಏನಿದೆ ನಿಂಗೆ?' ಅನ್ನುತ್ತಾರೆ. ಏನು ಹೇಳಲಿ?"

ಮೊದಲು ಮದುವೆ ಕಾರ್ಡಿನ ವಿಷಯ ಮುಗಿಸೋಣ, ಅದು ಅವಸರದ್ದು. ಆ ಫೈಲಿನ ಹೆಸರನ್ನು ಕೊನೆಯವರೆಗೂ ಓದಿ. ಚುಕ್ಕಿ ಇಟ್ಟು 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾರ್ಡೇ ಅಲ್ಲ, ಆ್ಯಪ್. ಮದುವೆ ಕಾರ್ಡ್ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಹಿಂದೆ ಓಲಗ ಹಾಕಿದ ವಿಡಿಯೊ ಆಗಿಯೂ ಬರುತ್ತದೆ. ಫೋನಿನಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನುವ ಕಾರ್ಡ್ ಯಾರ ಮನೆಯ ಮದುವೆಗೂ ಬೇಕಿಲ್ಲ.

ನಿಮ್ಮ ಫೋನ್ ಅನುಮತಿ ಕೇಳಿ ತಡೆದದ್ದು ಅದಕ್ಕೇ. ಪ್ಲೇ ಸ್ಟೋರಿನ ಆಚೆಯಿಂದ ಬಂದ ಆ್ಯಪ್ ಒಳಗೆ ಬಿಡಲೋ ಬೇಡವೋ ಅಂತ ಆಂಡ್ರಾಯ್ಡ್ ಒಮ್ಮೆ ಕೇಳುತ್ತದೆ. ನೀವು ಅಲ್ಲಿಂದಲೇ ಹಿಂದಕ್ಕೆ ಬಂದಿದ್ದರೆ ಆ್ಯಪ್ ಒಳಗೆ ಕೂತಿಲ್ಲ. ಆದರೂ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಮೇಲಿಂದ ಕೆಳಗೆ ನೋಡಿ. ಗುರುತಿಲ್ಲದ್ದು ಇದ್ದರೆ ತೆಗೆದುಹಾಕಿ. ಡೌನ್‌ಲೋಡ್ಸ್‌ನಲ್ಲಿ ಕೂತಿರುವ ಆ ಫೈಲನ್ನೂ ಅಳಿಸಿ, ಇಲ್ಲದಿದ್ದರೆ ನಾಳೆ ಮೊಮ್ಮಗ ಒತ್ತುತ್ತಾನೆ.

ಒಳಗೆ ಬಿಟ್ಟಿದ್ದರೆ ಏನಾಗುತ್ತಿತ್ತು? ಇಂಥ ಆ್ಯಪ್ ಮೊದಲು ಮೆಸೇಜ್ ಓದುವ ಅನುಮತಿ ಕೇಳುತ್ತದೆ. 'ಆಕ್ಸೆಸಿಬಿಲಿಟಿ' ಎಂಬ ಇನ್ನೊಂದನ್ನೂ ಕೇಳಬಹುದು. ಅದು ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳಲು, ಕೈ ಆಡದವರ ಬದಲು ಬಟನ್ ಒತ್ತಲು ಇರುವ ಒಳ್ಳೆಯ ಸೌಲಭ್ಯ. ಕಳ್ಳರಿಗೆ ಸಿಕ್ಕಿದರೆ ಪರದೆ ಓದುವವರೂ ಅವರೇ, ಬಟನ್ ಒತ್ತುವವರೂ ಅವರೇ. ಬ್ಯಾಂಕಿನ ಓಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅವರ ಕೈ ಸೇರಿರುತ್ತದೆ. ಗೊತ್ತಿರುವವರ ನಂಬರಿನಿಂದಲೇ ಬಂತಲ್ಲ ಅಂದಿರಿ. ಅವರ ಫೋನನ್ನೂ ಹೀಗೇ ಹಿಡಿದಿರುತ್ತಾರೆ. ಅದಕ್ಕೆ ವಾಟ್ಸಾಪಿನಲ್ಲಿ ಮೆಸೇಜ್ ಹಾಕಿ ವಿಚಾರಿಸಬೇಡಿ, ಉತ್ತರ ಬರೆಯುವವನು ಕಳ್ಳನೇ ಇರಬಹುದು. ಮಾಮೂಲಿ ಕಾಲ್ ಮಾಡಿ, ದನಿ ಕೇಳಿ ಮಾತಾಡಿ.

ಇದೇ ಆಟ ಬೇರೆ ವೇಷದಲ್ಲೂ ಬರುತ್ತದೆ. ಗಾಡಿಗೆ ದಂಡ ಬಿದ್ದಿದೆ, ಕರೆಂಟ್ ಬಿಲ್ ಬಾಕಿ ಇದೆ, ಗೃಹಲಕ್ಷ್ಮಿ ಹಣ ನಿಂತಿದೆ ಅನ್ನುತ್ತದೆ. ಜತೆಗೊಂದು ಫೈಲ್ ಇಲ್ಲವೇ ಲಿಂಕ್. ದುಡ್ಡು ನಿಂತಿದೆ ಅನಿಸಿದರೆ ಅಂಗನವಾಡಿಯಲ್ಲೋ ಬ್ಯಾಂಕಿನಲ್ಲೋ ಕೇಳಿ. ಸುಮ್ನೆ ಲಿಂಕ್ ಒತ್ತಬೇಡಿ.

ಈಗ ಯಜಮಾನರ ಪ್ರಶ್ನೆ. ಇದು ನಿಮ್ಮ ಮನೆಯದೊಂದೇ ಅಲ್ಲ, ಮೈಸೂರಿನಲ್ಲಿರುವ ನಮ್ಮ ಕಚೇರಿಯಲ್ಲೂ ಇದೇ ಮಾತು ಬರುತ್ತಿರುತ್ತದೆ. 'ನಾನೇನು ತಪ್ಪು ಮಾಡಿದ್ದೀನಿ, ನೋಡ್ಕೊಳ್ಳಲಿ ಬಿಡಿ' ಅನ್ನುವವರು ಜಾಸ್ತಿ. ಅವರ ಬಗ್ಗೆ ಅವರು ಹಾಗೆ ಹೇಳಬಹುದು. ಆದರೆ ನಿಮ್ಮ ಫೋನಿನಲ್ಲಿ ಇರುವುದು ನಿಮ್ಮ ವಿಷಯ ಮಾತ್ರವೇ? ಸಂಘದ ಅಷ್ಟೂ ಹೆಂಗಸರ ಆಧಾರ್ ಇದೆ. ಯಾರ ಖಾತೆಯಲ್ಲಿ ಎಷ್ಟಿದೆ, ಯಾರು ಕಂತು ಕಟ್ಟಿಲ್ಲ, ಯಾರು ಮನೆಯವರಿಗೆ ಹೇಳದೆ ನಾಲ್ಕು ಕಾಸು ಉಳಿಸುತ್ತಿದ್ದಾರೆ, ಎಲ್ಲಾ ಇದೆ. ಅವರು ಆ ಕಾರ್ಡ್ ಕೊಟ್ಟದ್ದು ನಿಮ್ಮ ಕೈಗೆ. ನಿಮ್ಮ ಮೊಮ್ಮಗನಿಗೋ ಅವನ ಗೇಮ್ ಮಾಡಿದ ಕಂಪನಿಗೋ ಕೊಟ್ಟಿಲ್ಲ. ಸಂಘದ ದುಡ್ಡಿನ ಪೆಟ್ಟಿಗೆಯನ್ನು ಬೀಗ ಹಾಕದೆ ಜಗಲಿಯ ಮೇಲೆ ಇಟ್ಟು ಮಲಗುತ್ತೀರಾ? ಯಜಮಾನರೇ ಬಿಡುವುದಿಲ್ಲ, ಅಲ್ವಾ?

ಇನ್ನೊಂದು ವಿಷಯವನ್ನೂ ಅವರಿಗೆ ಹೇಳಬಹುದು. ಖಾಸಗಿತನ ಈ ದೇಶದಲ್ಲಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆಧಾರ್ ವಿಚಾರವಾಗಿ 2012ರಲ್ಲಿ ಕೋರ್ಟಿಗೆ ಹೋಗಿ ಇದಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಅವರ ವಯಸ್ಸು ಎಂಬತ್ತು ದಾಟಿತ್ತು. ಅವರಿಗೆ ಮುಚ್ಚಿಡುವಂಥದ್ದು ಏನಿತ್ತು ಅಂತ ಯಾರೂ ಕೇಳಲಿಲ್ಲ.

ಲಾಕ್ ಹಾಕಿ. ಆರು ಅಂಕಿಯ ಪಿನ್ ಇರಲಿ. ಪರದೆಯ ಮೇಲೆ ಗೀಟು ಎಳೆಯುವ ಪ್ಯಾಟರ್ನ್ ನನಗೆ ಇಷ್ಟವಿಲ್ಲ. ಪಕ್ಕದಲ್ಲಿ ಕೂತ ಮಗು ಒಂದು ಸಲ ನೋಡಿದರೆ ಕಲಿತುಬಿಡುತ್ತದೆ, ಬೆರಳಿನ ಜಿಡ್ಡೂ ದಾರಿ ತೋರಿಸುತ್ತದೆ. ಹುಟ್ಟಿದ ವರ್ಷ ಬೇಡ. ಮನೆ ಸ್ಕೂಟರಿನ ನಂಬರ್ ಅಂತೂ ಬೇಡವೇ ಬೇಡ, ಕೆಎ 11ರ ಮುಂದಿನ ಆ ನಾಲ್ಕು ಅಂಕಿ ಇಡೀ ಬೀದಿಗೆ ಗೊತ್ತು. ಫೋನಿನ ಪಿನ್ ಯಜಮಾನರಿಗೆ ಹೇಳಬೇಕೋ ಬೇಡವೋ ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಕಷ್ಟಕಾಲಕ್ಕೆ ಬೇಕಾಗಬಹುದು ಅನಿಸಿದರೆ ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ಯುಪಿಐ ಪಿನ್ ಮಾತ್ರ ಯಾರಿಗೂ ಬೇಡ, ಮಗನಿಗೂ ಬೇಡ. ಅವನ ಖಾತೆ, ಅವನ ಫೋನು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು. ಬರುವ ದುಡ್ಡಿಗೆ ಯಾರಾದರೂ ಪಿನ್ ಒತ್ತಿ ಅಂದರೆ ಅಲ್ಲಿಗೇ ಫೋನ್ ಇಡಿ.

ಲಾಕ್ ಹಾಕಿಯೂ ಹಲವರು ಒಂದು ಬಾಗಿಲು ತೆರೆದಿಡುತ್ತಾರೆ. ಪರದೆ ಆಫ್ ಇದ್ದರೂ ಮೆಸೇಜ್ ಬಂದಾಗ ಅದರ ಒಕ್ಕಣೆ ಮೇಲೇ ಕಾಣುತ್ತದೆ, ಓಟಿಪಿ ಸಮೇತ. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ಮೇಲೆ ಒಳವಿಷಯ ತೋರಿಸಬೇಡ ಅಂತ ಆಯ್ಕೆ ಇದೆ, ಒತ್ತಿ. ಮೊಮ್ಮಗನಿಗೆ ಫೋನ್ ಕೊಡಲೇಬೇಕಾದಾಗ 'ಆ್ಯಪ್ ಪಿನ್ನಿಂಗ್' ಬಳಸಿ. ಅವನ ಗೇಮ್ ಒಂದೇ ಪರದೆಯಲ್ಲಿ ನಿಲ್ಲುತ್ತದೆ, ಪಿನ್ ಕೇಳುವ ಆಯ್ಕೆಯನ್ನೂ ಅಲ್ಲೇ ಒತ್ತಿದ್ದರೆ ಆಚೆ ಬರಲು ನಿಮ್ಮ ಪಿನ್ ಬೇಕು. ಕೆಲವು ಫೋನುಗಳಲ್ಲಿ ಇದಕ್ಕೆ ಬೇರೆ ಹೆಸರಿದೆ, ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಭಾಗದಲ್ಲಿ ಹುಡುಕಿ.

ಇನ್ನು ಆ ಫೋಟೊಗಳು. ಅರ್ಜಿ ಮಂಜೂರಾದ ಮೇಲೂ ಅವನ್ನು ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದು ಯಾಕೆ? ಕೆಲಸ ಮುಗಿದದ್ದನ್ನು ಅಳಿಸಿ, ಆಮೇಲೆ ಟ್ರ್ಯಾಶ್‌ನಿಂದಲೂ ಅಳಿಸಿ. ಬೇಕೇ ಬೇಕು ಅನ್ನುವಷ್ಟನ್ನು ಗೂಗಲ್ ಫೋಟೋಸ್‌ನ 'ಲಾಕ್ಡ್ ಫೋಲ್ಡರ್'ಗೆ ಸರಿಸಿ. ಪೂರ್ತಿ ಆಧಾರ್ ನಂಬರ್ ಬೇಡದ ಕಡೆ 'ಮಾಸ್ಕ್ಡ್ ಆಧಾರ್' ಕೊಡಿ. ಆಧಾರ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ತೋರಿಸುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಜೆರಾಕ್ಸ್ ಅಂಗಡಿ. ತಾಲ್ಲೂಕು ಕಚೇರಿ ಎದುರಿನ ಯಾವ ಅಂಗಡಿಗಾದರೂ ಹೋಗಿ ನೋಡಿ. 'ಈ ನಂಬರಿಗೆ ವಾಟ್ಸಾಪ್ ಮಾಡಿ, ಪ್ರಿಂಟ್ ತೆಗೀತೀನಿ' ಅನ್ನುತ್ತಾರೆ. ಆಧಾರ್, ಆರ್‌ಟಿಸಿ, ಜಾತಿ ಪ್ರಮಾಣಪತ್ರ, ಎಲ್ಲಾ ಆ ಒಂದು ನಂಬರಿಗೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಆ ಕಂಪ್ಯೂಟರಿಗೆ ಪಾಸ್‌ವರ್ಡ್ ಇರುವುದಿಲ್ಲ, ಯಾರು ಬಂದರೂ ಮೌಸ್ ಹಿಡಿಯುತ್ತಾರೆ. ಆದಷ್ಟು ಪೆನ್‌ಡ್ರೈವಿನಲ್ಲಿ ಕೊಡಿ, ಇಲ್ಲವೇ ಕಾರ್ಡನ್ನೇ ಒಯ್ದು ನಿಮ್ಮೆದುರೇ ಜೆರಾಕ್ಸ್ ಮಾಡಿಸಿ. ಕಳಿಸಲೇಬೇಕಾದರೆ ಪ್ರಿಂಟ್ ಕೈಗೆ ಬಂದ ತಕ್ಷಣ, ಅಲ್ಲೇ ನಿಂತು 'ಡಿಲೀಟ್ ಫಾರ್ ಎವೆರಿವನ್' ಒತ್ತಿ, ಡೌನ್‌ಲೋಡ್ ಆಗಿದ್ದನ್ನೂ ಅಳಿಸಲು ಹೇಳಿ. ಇದರಲ್ಲಿ ನಾಚಿಕೆ ಏನಿದೆ? ನಿಮ್ಮ ವಾಟ್ಸಾಪನ್ನು ಅವರ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ತೆರೆದಿದ್ದರಂತೂ ಇವತ್ತೇ ವಾಟ್ಸಾಪಿನ 'ಲಿಂಕ್ಡ್ ಡಿವೈಸಸ್' ನೋಡಿ. ಗುರುತಿಲ್ಲದ ಕಂಪ್ಯೂಟರಿನ ಹೆಸರಿದ್ದರೆ ಲಾಗ್ಔಟ್ ಮಾಡಿ. ಅಲ್ಲಿ ಹೆಸರಿರುವ ತನಕ ನಿಮ್ಮ ಮೆಸೇಜ್ ಅಲ್ಲಿಗೂ ಹೋಗುತ್ತಿರುತ್ತದೆ. ಹಾಗೇ 'ಟು ಸ್ಟೆಪ್ ವೆರಿಫಿಕೇಶನ್' ಹಾಕಿ, ಆರು ಅಂಕಿ ಕೇಳುತ್ತದೆ. ಆಮೇಲೆ ಯಾರಾದರೂ ನಿಮ್ಮಿಂದ ಓಟಿಪಿ ಕೇಳಿ ಪಡೆದರೂ ಆ ಆರು ಅಂಕಿ ಇಲ್ಲದೆ ನಿಮ್ಮ ವಾಟ್ಸಾಪ್ ಅವರ ಫೋನಿನಲ್ಲಿ ತೆರೆಯುವುದಿಲ್ಲ.

ಬೆರಳಚ್ಚಿನ ಬಗ್ಗೆಯೂ ಒಂದು ಮಾತು. ನೋಂದಣಿ ದಾಖಲೆಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ವರದಿಯಾದವು. ಓಟಿಪಿಯೇ ಬೇಕಿಲ್ಲ. ಇದಕ್ಕೆ ಆಧಾರ್‌ನ 'ಬಯೋಮೆಟ್ರಿಕ್ ಲಾಕ್' ಇದೆ, ಆಧಾರ್ ವೆಬ್‌ಸೈಟಿನಲ್ಲಿ ಹಾಕಬಹುದು. ಒಂದು ತೊಡಕಿದೆ. ಲಾಕ್ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯುವುದಿಲ್ಲ. ರೇಷನ್ ತರುವ ದಿನ ಮೊದಲೇ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಂಡು ಹೋಗಿ.

ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಬಿಡುವಾದಾಗ ನೋಡಿ. ಪ್ರೈವಸಿ ಭಾಗದಲ್ಲಿ 'ಪರ್ಮಿಷನ್ ಮ್ಯಾನೇಜರ್' ತೆರೆದರೆ ಕಾಂಟ್ಯಾಕ್ಟ್ಸ್, ಮೈಕ್, ಲೊಕೇಶನ್ ಯಾರ ಯಾರ ಕೈಲಿದೆ ಅಂತ ಕಾಣುತ್ತದೆ. ಟಾರ್ಚ್ ಆ್ಯಪಿಗೆ ನಿಮ್ಮ ನೆಂಟರ ನಂಬರ್ ಯಾಕೆ ಬೇಕು? ತೆಗೆಯಿರಿ. ಟಾರ್ಚ್ ಫೋನಿನಲ್ಲೇ ಇದೆ. ಸಾಲದ ಆ್ಯಪ್‌ಗಳ ಬಗ್ಗೆ ಮಾತ್ರ ಸಂಘದವರಿಗೆಲ್ಲ ಗಟ್ಟಿಯಾಗಿ ಹೇಳಿ. ಸಾಲ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಫೋಟೊ, ಕಾಲ್ ಪಟ್ಟಿಗೆ ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆದರೂ ಕೇಳುವ ಆ್ಯಪ್ ಇದ್ದರೆ ಅದು ನಿಯಮ ಪಾಲಿಸುವವರದ್ದಲ್ಲ. ಒಂದು ಕಂತು ತಪ್ಪಿದರೆ ನಿಮ್ಮ ಬೀಗರಿಗೆ ಫೋನ್ ಮಾಡಿ ಮಾನ ಕಳೆಯಲಿಕ್ಕೇ ಆ ಪಟ್ಟಿ.

ಫೋನ್ ರಿಪೇರಿಗೆ ಕೊಡುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. 'ಪಿನ್ ಬರೆದುಕೊಡಿ' ಅಂದರೆ ನೀವೇ ತೆರೆದು ತೋರಿಸಿ. ಡಿಸ್‌ಪ್ಲೇ ಬದಲಿಸಲು ನಿಮ್ಮ ಪಿನ್ ಬೇಕಿಲ್ಲ.

ಕಳೆದುಹೋದರೆ? ಬಸ್ ಸ್ಟ್ಯಾಂಡ್, ಸಂತೆ, ಜಾತ್ರೆ, ಎಲ್ಲಿ ಬೇಕಾದರೂ ಹೋಗಬಹುದು. ಜನ ಮರೆಯುವುದು ಸಿಮ್ಮನ್ನು. ಫೋನಿಗೆ ಎಂಥ ಲಾಕ್ ಇದ್ದರೂ ಕಳ್ಳ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಅದಕ್ಕೆ 'ಸಿಮ್ ಲಾಕ್' ಹಾಕಿ. ಆಗ ಬೇರೆ ಫೋನಿಗೆ ಹಾಕಿದ ಕೂಡಲೇ ಸಿಮ್ಮೇ ಪಿನ್ ಕೇಳುತ್ತದೆ. ಹುಷಾರು, ಮೊದಲ ಸಲ ಹಾಕುವಾಗ ಕಂಪನಿ ಇಟ್ಟ ಹಳೆ ಪಿನ್ ಕೇಳುತ್ತದೆ. ಅಂದಾಜಿನಲ್ಲಿ ಒತ್ತಬೇಡಿ. ಮೂರು ಸಲ ತಪ್ಪಾದರೆ ಸಿಮ್ ನಿಂತುಹೋಗುತ್ತದೆ, ಮತ್ತೆ ತೆರೆಯಲು ಪಿಯುಕೆ ನಂಬರ್ ಬೇಕು. ಕಸ್ಟಮರ್ ಕೇರಿನಲ್ಲಿ ಕೇಳಿಕೊಂಡೇ ಮಾಡಿ. ಫೋನ್ ಹೋದ ದಿನ ಪೊಲೀಸ್ ದೂರು ಕೊಟ್ಟು, ಡೂಪ್ಲಿಕೇಟ್ ಸಿಮ್ ತಗೊಂಡು, ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ವೆಬ್‌ಸೈಟಿನಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ಅಂತಲೂ ಅಲ್ಲೇ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಹಾಕಿ.

ಪೊಲೀಸ್ ಬಟ್ಟೆ ಹಾಕಿಕೊಂಡು ವಿಡಿಯೊ ಕಾಲಿನಲ್ಲಿ ಹೆದರಿಸುವವರ ಬಗ್ಗೆ ಹಿಂದೆಯೂ ಬರೆದಿದ್ದೇವೆ. 'ಡಿಜಿಟಲ್ ಅರೆಸ್ಟ್' ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕಾಲ್ ಕಟ್ ಮಾಡಿ.

ದುಡ್ಡು ಹೋದದ್ದು ಗೊತ್ತಾದರೆ ಮೊದಲು 1930ಕ್ಕೆ ಕಾಲ್ ಮಾಡಿ, ಜತೆಗೇ ಬ್ಯಾಂಕಿಗೂ ಹೇಳಿ. ಬೇಗ ಹೇಳಿದರೆ ಕಳ್ಳ ತೆಗೆಯುವ ಮೊದಲೇ ಹಣವನ್ನು ಆ ಖಾತೆಯಲ್ಲೇ ತಡೆಹಿಡಿಯಬಹುದು. ಮಾರನೆಯ ದಿನ ಅಂದರೆ ಅದು ನಾಲ್ಕು ಖಾತೆ ದಾಟಿರುತ್ತದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವ ಮೋಸವನ್ನು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿದೆ. ಓಟಿಪಿ ನೀವೇ ಕೊಟ್ಟಿದ್ದರೆ ದೂರು ಕೊಡುವ ತನಕ ಹೋದದ್ದು ನಿಮ್ಮ ಲೆಕ್ಕಕ್ಕೆ. ಅದಕ್ಕೇ ಮನೆಯಲ್ಲಿ ಬೈತಾರೆ ಅಂತ ಹೆದರಿ ಕೂರಬೇಡಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ, ಬ್ಯಾಂಕಿನ ಮೆಸೇಜ್ ಅಳಿಸದೆ ಹಾಗೇ ಇಟ್ಟಿರಿ.

ಈ ನಂಬರುಗಳನ್ನು ಫೋನಿನಲ್ಲೇ ಸೇವ್ ಮಾಡಿಟ್ಟರೆ ಫೋನ್ ಹೋದ ದಿನ ಕೈಗೆ ಸಿಗುವುದಿಲ್ಲ. *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ, ಬ್ಲಾಕ್ ಮಾಡಿಸಲು ಅದೇ ಬೇಕಾಗುವುದು. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್ ಬರುತ್ತವೆ. ಅವನ್ನೂ, 1930ನ್ನೂ, ನಿಮ್ಮ ಬ್ಯಾಂಕಿನ ನಂಬರನ್ನೂ ಸಂಘದ ಲೆಕ್ಕದ ಪುಸ್ತಕದ ರಟ್ಟಿನ ಒಳಗಡೆ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಭೆಗೆ ಎಲ್ಲರಿಗೂ ಅವರವರ ಫೋನ್ ತರಲು ಹೇಳಿದರೆ ಅವರದ್ದನ್ನೂ ಅಲ್ಲೇ ಬರೆದುಕೊಡಬಹುದು.

— ಸಂಪಾದಕ