ಮೊದಲೇ ಏಕೆ ಬಿಟ್ಟು ಬರಲಿಲ್ಲ?

ಪಾಕಿಸ್ತಾನದ ಲೇಖಕಿ ತೆಹ್ಮಿನಾ ದುರ್ರಾನಿಯವರ ಆತ್ಮಕಥೆ 'ಮೈ ಫ್ಯೂಡಲ್ ಲಾರ್ಡ್' (1991) ಓದಿದ ತಾವು, ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನದ ಗವರ್ನರ್ ಆಗಿದ್ದವರ ಮಗಳಾದ ಆಕೆ ಗಂಡನಿಂದ ಹೊಡೆತ ತಿನ್ನುತ್ತ ವರ್ಷಗಟ್ಟಲೆ ಏಕೆ ಉಳಿದರು ಎಂದು ಕೇಳಿದ್ದೀರಿ. ಆಕೆ ಹೇಳುವಂತೆ, ಪಾಕಿಸ್ತಾನದ ಪಂಜಾಬಿನ ಮುಖ್ಯಮಂತ್ರಿಯೂ ಗವರ್ನರೂ ಆಗಿದ್ದ ಗಂಡ ಗುಲಾಮ್ ಮುಸ್ತಫಾ ಖರ್ ಅವರನ್ನು ತೊರೆಯುವುದೆಂದರೆ ಮಕ್ಕಳನ್ನೂ ಹಣದ ಆಸರೆಯನ್ನೂ ಒಟ್ಟಿಗೇ ಕಳೆದುಕೊಳ್ಳುವುದಾಗಿತ್ತು. ಮರ್ಯಾದೆಗೆ ಅಂಜುವ ತವರಿನ ಬಾಗಿಲೂ ತೆರೆದಿರಲಿಲ್ಲ. ಅದೇ ಗಂಡ ಸೆರೆಯಲ್ಲಿದ್ದಾಗ ಬಿಡುಗಡೆಗಾಗಿ ಹೋರಾಡಿದವರೂ ಆಕೆಯೇ; ಈ ವಿರೋಧಾಭಾಸವನ್ನು ಮುಚ್ಚಿಡದೆ ಬರೆದಿರುವುದರಿಂದಲೇ ನಾನು ಆಕೆಯನ್ನು ನಂಬುತ್ತೇನೆ. ಉರ್ದು ಆವೃತ್ತಿಯ ಹೆಸರು 'ಮೈಂಡಾ ಸಾಯಿಂ', ಅಂದರೆ 'ನನ್ನ ಒಡೆಯ'. ನಮ್ಮ ಮನೆಗಳಲ್ಲಿ ಗಂಡನನ್ನು 'ಯಜಮಾನರು' ಎನ್ನುವಾಗಲೂ (ನಾನೂ ಹಾಗೆಯೇ ಅನ್ನುತ್ತೇನೆ) ಅರ್ಥ ಹೆಚ್ಚುಕಡಿಮೆ ಅದೇ.