ನೇಂದ್ರ ಬಾಳೆಯ ಬ್ರೆಡ್ ಗಟ್ಟಿಯಾಗುತ್ತದೆ, ಜೊತೆಗಿನ ಕ್ರೀಮ್ ಚೀಸ್ ನೀರಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇದೆ. ಪ್ಲಾಂಟೇನ್, ಅಂದರೆ ನೇಂದ್ರದಂಥ ದಪ್ಪ ಬಾಳೆ ಹಾಕಿ ಮಾಡಿದ ಬ್ರೆಡ್ ಸಪ್ಪೆಯಾಗಿ, ಕೈಗೆ ಭಾರವಾಗಿ ಬಂತು. ಹಚ್ಚಿಕೊಳ್ಳಲು ಜೇನು, ನಿಂಬೆರಸ ಬೆರೆಸಿದ ಕ್ರೀಮ್ ಚೀಸ್ ಮೊದಲು ಗಂಟುಗಂಟಾಗಿ, ಆಮೇಲೆ ನೀರು ನೀರಾಯಿತು. ಎರಡನ್ನೂ ಸರಿಮಾಡಬಹುದು, ಬೇಸರ ಮಾಡಿಕೊಳ್ಳಬೇಡಿ.

ಹಣ್ಣು "ಚೆನ್ನಾಗಿ ಹಳದಿಯಾಗಿತ್ತು" ಅಂತ ಬರೆದಿದ್ದೀರಿ, ಅಲ್ವಾ? ತೊಂದರೆ ಅಲ್ಲೇ ಇರುವುದು. ಮಾಮೂಲಿ ಬಾಳೆಹಣ್ಣು ಹಳದಿಯಾಗಿ ಚುಕ್ಕೆ ಬಿದ್ದರೆ ಬ್ರೆಡ್‌ಗೆ ಸಾಕು. ಪ್ಲಾಂಟೇನ್ ಹಾಗಲ್ಲ. ಅದು ಹಳದಿಯಾದಾಗಲೂ ಒಳಗೆ ಪಿಷ್ಟ ಬೇಕಾದಷ್ಟು ಉಳಿದಿರುತ್ತದೆ. ಬಿಸಿ ತಗುಲಿದಾಗ ಆ ಪಿಷ್ಟ ಹಿಟ್ಟಿನಲ್ಲಿರುವ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಬ್ರೆಡ್ ಉಬ್ಬುವುದಿಲ್ಲ, ಸಿಹಿಯೂ ಬರುವುದಿಲ್ಲ. ದಿನ ಕಳೆದಂತೆ ಪಿಷ್ಟ ಸಕ್ಕರೆಯಾಗುತ್ತದೆ, ಜೊತೆಜೊತೆಗೆ ಸಿಪ್ಪೆ ಕಪ್ಪಾಗುತ್ತದೆ. ಆದ್ದರಿಂದ ಸಿಪ್ಪೆ ಮುಕ್ಕಾಲು ಪಾಲಾದರೂ ಕಪ್ಪಾಗುವವರೆಗೆ ಕಾಯಿರಿ. ನೋಡಿದವರು ಕೊಳೆತಿದೆ ಅಂದುಕೊಳ್ಳಬಹುದು. ನೀವು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿಯಬೇಕು. ತೊಟ್ಟಿನ ಹತ್ತಿರ ಮೂಗಿಟ್ಟರೆ ಜೇನಿನ ಹಾಗೆ ಗಾಢವಾದ ಸಿಹಿ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ, ರಸ ಸೋರುತ್ತಿದ್ದರೆ ಮಾತ್ರ ಎಸೆಯಿರಿ.

ಬೇಗ ಹಣ್ಣಾಗಬೇಕೆಂದರೆ ಕಾಗದದ ಚೀಲದಲ್ಲಿ ಒಂದು ಸೇಬಿನ ಜೊತೆ ಕಟ್ಟಿಡಿ. ಓವನ್‌ನಲ್ಲಿಟ್ಟು ಸಿಪ್ಪೆ ಕಪ್ಪು ಮಾಡುವ ಉಪಾಯ ಹಲವರು ಹೇಳುತ್ತಾರೆ. ನಾನೂ ಒಮ್ಮೆ ಅತಿಥಿಗಳು ಬರುವ ದಿನ ಅದನ್ನೇ ನಂಬಿದೆ. ಸಿಪ್ಪೆಯೇನೋ ಕಪ್ಪಾಯಿತು, ತಿರುಳೂ ಮೆತ್ತಗಾಯಿತು, ಆದರೆ ಸಿಹಿ ಬರಲಿಲ್ಲ. ಬ್ರೆಡ್ ಕತ್ತರಿಸಿದರೆ ನಡುವೆ ಅಂಟಂಟಾದ ಬೂದು ಪಟ್ಟಿ. ಅಂದು ನಿಜಕ್ಕೂ ಬಹಳ ಬೇಜಾರಾಗಿತ್ತು. ಸಕ್ಕರೆಯಾಗಲು ಹಣ್ಣಿಗೆ ದಿನಗಳೇ ಬೇಕು, ಶಾಖ ಆ ಕೆಲಸ ಮಾಡುವುದಿಲ್ಲ.

ಈಗ ನನ್ನ ಅಳತೆ. ಸಿಪ್ಪೆ ಸುಲಿದ ಕಪ್ಪು ಹಣ್ಣು 400 ಗ್ರಾಂ, ಮೈದಾ 225 ಗ್ರಾಂ, ಕರಗಿಸಿದ ಬೆಣ್ಣೆ 100 ಗ್ರಾಂ, ಸಕ್ಕರೆ 120 ಗ್ರಾಂ, ಮೊಟ್ಟೆ 2, ಮೊಸರು 100 ಗ್ರಾಂ, ಅಡುಗೆ ಸೋಡಾ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಮೊಸರು ಬಿಡಬೇಡಿ. ಮಾಮೂಲಿ ಬಾಳೆಗಿಂತ ಇದರಲ್ಲಿ ನೀರಿನಂಶ ಕಡಿಮೆ, ಜೊತೆಗೆ ಸೋಡಾ ಕೆಲಸ ಮಾಡಲು ಹುಳಿ ಬೇಕು.

ಹಣ್ಣನ್ನು ಫೋರ್ಕಿನಲ್ಲಿ ಹಿಸುಕಿದರೆ ನಡುವಿನ ಗಟ್ಟಿ ತಿರುಳು ಗಂಟಾಗಿ ಉಳಿಯುತ್ತದೆ. ನಾನು ಮೊಸರಿನ ಜೊತೆ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸುತ್ತೇನೆ. ಅದಕ್ಕೆ ಬೆಣ್ಣೆ, ಸಕ್ಕರೆ, ಮೊಟ್ಟೆ ಸೇರಿಸಿ ಕಲಸಿ. ಮೈದಾ, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಕೊನೆಗೆ ಹಾಕಿ. ಇಲ್ಲಿಂದ ಮಿಕ್ಸಿ, ಬೀಟರ್ ಏನೂ ಬೇಡ, ಕೈಯಲ್ಲಿ ಚಮಚ ಸಾಕು. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಸುಮ್ನೆ ತಿರುವುತ್ತಾ ಹೋದರೆ ಮೈದಾದ ಗ್ಲುಟೆನ್ ಬಿಗಿದು ಬ್ರೆಡ್ ನಾರುನಾರಾಗುತ್ತದೆ. 9 ಇಂಚು ಉದ್ದ, 5 ಇಂಚು ಅಗಲದ ಟಿನ್‌ಗೆ ಸುರಿದು, ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 55ರಿಂದ 65 ನಿಮಿಷ ಬೇಯಿಸಿ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ. ನಡುವೆ ಕಡ್ಡಿ ಚುಚ್ಚಿ ತೆಗೆದಾಗ ಒಂದೆರಡು ಪುಡಿ ಅಂಟಿದರೆ ಪರವಾಗಿಲ್ಲ, ಹಸಿ ಹಿಟ್ಟು ಅಂಟಬಾರದು. ಥರ್ಮಾಮೀಟರ್ ಇದ್ದರೆ ಒಳಗೆ 95 ಡಿಗ್ರಿ ಹತ್ತಿರ ತೋರಿಸಬೇಕು.

ಆಮೇಲೆ ಪೂರ್ತಿ ತಣ್ಣಗಾಗುವವರೆಗೆ ಚಾಕು ಹಾಕಬೇಡಿ. ಆರುವಾಗಲೇ ಒಳಗಿನ ಪದರ ಗಟ್ಟಿಯಾಗಿ ಕೂರುವುದು. ಮರುದಿನ ರುಚಿ ಇನ್ನೂ ಚೆನ್ನಾಗಿರುತ್ತದೆ.

ಇನ್ನು ಕ್ರೀಮ್ ಚೀಸ್. ಡಬ್ಬಿಯಲ್ಲಿ ಬರುವ ಮೆತ್ತನೆಯದು ಬೇಡ, ಗಟ್ಟಿ ಬ್ಲಾಕ್ ತೆಗೆದುಕೊಳ್ಳಿ. 200 ಗ್ರಾಂ ಅನ್ನು ಮುಕ್ಕಾಲು ಗಂಟೆ ಹೊರಗಿಟ್ಟು, ಬೇರೇನೂ ಹಾಕದೆ ಅದೊಂದನ್ನೇ ಮೊದಲು ನುಣ್ಣಗೆ ತಿರುವಿ. ತಣ್ಣಗಿರುವಾಗಲೇ ಜೇನು ಹಾಕಿದ್ದಕ್ಕೆ ನಿಮ್ಮದು ಗಂಟಾಯಿತು. ಆಮೇಲೆ ಆ ಗಂಟು ಒಡೆಯಲು ಜಾಸ್ತಿ ತಿರುವಿದಿರಿ, ಮೇಲೆ ನಿಂಬೆರಸ ಬೇರೆ. ಸಡಿಲವಾಗದೆ ಇನ್ನೇನಾಗುತ್ತದೆ? ಪರಿಮಳ ಬೇಕು, ನೀರು ಬೇಡ ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು. ರಸದ ಬದಲು ನಿಂಬೆ ಸಿಪ್ಪೆಯ ತುರಿ ಹಾಕಿ. ಬಿಳಿ ಭಾಗ ಬರಬಾರದು, ಕಹಿ. ತುರಿಯನ್ನು ಒಂದು ಚಮಚ ಸಕ್ಕರೆಯ ಜೊತೆ ಬೆರಳಲ್ಲಿ ಉಜ್ಜಿದರೆ ಸಕ್ಕರೆ ತೇವವಾಗಿ, ಹಳದಿಗೆ ತಿರುಗಿ, ಘಮ್ಮೆನ್ನುತ್ತದೆ. ಅದನ್ನು ಚೀಸ್‌ಗೆ ಸೇರಿಸಿ, ಜೇನು ಒಂದು ದೊಡ್ಡ ಚಮಚಕ್ಕೆ ನಿಲ್ಲಿಸಿ.

ಕಾಫಿ ರುಚಿ ಬೇಕಾದರೆ ಇನ್‌ಸ್ಟಂಟ್ ಪುಡಿ ಒಂದು ಟೀ ಚಮಚವನ್ನು ಅಷ್ಟೇ ಬಿಸಿನೀರಲ್ಲಿ ಕರಗಿಸಿ, ಆರಿಸಿ ಹಾಕಿ. ಖರ್ಜೂರವನ್ನು ನುಣ್ಣಗೆ ಅರೆದು ಬೆರೆಸಿದರೆ ಸಕ್ಕರೆಯೇ ಬೇಡ. ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಖಾರದ್ದು. ಆಗ ತಾನೇ ಜಜ್ಜಿದ ಕಾಳುಮೆಣಸು, ಸಣ್ಣಗೆ ಹೆಚ್ಚಿ ಒತ್ತಿ ಒರೆಸಿದ ಈರುಳ್ಳಿ ಸೊಪ್ಪು, ಚಿಟಿಕೆ ಉಪ್ಪು. ಹಣ್ಣು ತಾನೇ ಸಿಹಿ ತುಂಬಿಕೊಂಡಿರುವಾಗ ಮೇಲೆ ಈ ಖಾರ ಬಿದ್ದರೆ ಸಿಹಿ ಇನ್ನೂ ಎದ್ದು ಕಾಣುತ್ತದೆ. ತುಂಡನ್ನು ತವದ ಮೇಲೆ ಎರಡೂ ಬದಿ ಕೆಂಪಗೆ ಮಾಡಿ, ಒಂದು ನಿಮಿಷ ಬಿಟ್ಟು ಹಚ್ಚಿ, ಇಲ್ಲದಿದ್ದರೆ ಚೀಸ್ ಕರಗಿ ಹರಿಯುತ್ತದೆ.

ಉಳಿದ ಚೀಸನ್ನು ಎರಡು ಗಂಟೆಗಿಂತ ಹೊರಗಿಡಬೇಡಿ. ಸೊಪ್ಪು ಹಾಕಿದ್ದನ್ನು ಫ್ರಿಡ್ಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಈಗ ಮನೆಯಲ್ಲಿ ಹಳದಿ ಹಣ್ಣು ಉಳಿದಿದ್ದರೆ ಅದನ್ನು ಫ್ರಿಡ್ಜ್‌ಗೆ ಸೇರಿಸಬೇಡಿ, ಹಣ್ಣಾಗುವುದು ನಿಧಾನವಾಗುತ್ತದೆ. ಹೊರಗೇ ಬಿಡಿ, ಕಪ್ಪಾದ ದಿನ ಒಲೆ ಹಚ್ಚಿ.